ತಹಶೀಲ್ದಾರರ ಮೇಲೆ ಅಪೀಲು ಹಾಕಬೇಡಿ, ನಿಮ್ಮ ಜಗಳ ಪರ್ಸೆಂಟೇಜಿನ ಜೊತೆ

ನಿಮ್ಮ ಅಮ್ಮನಿಗೆ ಸೊಂಟದ ಮೂಳೆ ಮುರಿದಿದೆ, ಅಂಗವೈಕಲ್ಯದ ಸರ್ಟಿಫಿಕೇಟಿನಲ್ಲಿ ಶೇ 32 ಬರೆದಿದ್ದಾರೆ, ಎರಡು ವರ್ಷದ ಹಿಂದೆ ಅಂಗವಿಕಲ ವೇತನದ ಅರ್ಜಿ ವಜಾ ಆಗಿದೆ, ಈಗ ತಹಶೀಲ್ದಾರರ ಆದೇಶದ ಮೇಲೆ ಅಪೀಲು ಹೇಗೆ ಅಂತ ಕೇಳಿದ್ದೀರಿ. ಹಾಕಬೇಡಿ. ನಾನು ಹಾಕಿ ನೋಡಿದವನು.

ನಾನು ಮಲೆನಾಡಿನವನು. ಅಡಿಕೆ ಕೊನೆ ತೆಗೆಯುವುದು ನನ್ನ ಕೆಲಸವಾಗಿತ್ತು. 2019ರಲ್ಲಿ ಮರದಿಂದ ಬಿದ್ದೆ. ಬಲ ಮಂಡಿಗೆ ಪ್ಲೇಟು, ಸ್ಕ್ರೂ ಹಾಕಿದರು. ಮೂಳೆ ಕೂಡಿತು, ಮಂಡಿ ಮಾತ್ರ ಮಡಚಲಿಲ್ಲ. ರಸ್ತೆಯಲ್ಲಿ ನಡೆದರೆ ನೋಡಿದವರಿಗೆ ಸ್ವಲ್ಪ ಕುಂಟು ಅನ್ನಿಸುತ್ತೆ, ಅಷ್ಟೇ. ಆದರೆ ಮರ ಹತ್ತೋದು ಮುಗಿಯಿತು. ಸುಲಿಯೋ ಕೆಲಸಕ್ಕಾದರೂ ಹೋಗೋಣ ಅಂದರೆ ಮೆಟ್ಟುಗತ್ತಿ ಮುಂದೆ ಕಾಲು ಮಡಚಿ ಕೂರಬೇಕು. ಮನೆಯ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರೋಕೂ ಆಗುತ್ತಿರಲಿಲ್ಲ. ನನ್ನ ಹೆಂಡತಿ ಒಂದು ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆಸಿ ಕೊಟ್ಟಳು. ಈಗಲೂ ಅದೇ ಇದೆ.

ಊರಿನ ವಿಆರ್‌ಡಬ್ಲ್ಯೂ, ಅಂದರೆ ಪಂಚಾಯಿತಿಯಲ್ಲಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಅರ್ಜಿ ಹಾಕಿಸಿಕೊಟ್ಟರು. ಬೋರ್ಡ್, ಅಂದರೆ ಅಂಗವೈಕಲ್ಯ ಎಷ್ಟು ಅಂತ ಅಳೆಯುವ ಡಾಕ್ಟರುಗಳ ಮಂಡಳಿ, ಕೂರುವ ದಿನ ಆಸ್ಪತ್ರೆಯಲ್ಲಿ ಜಾತ್ರೆ ಥರ ಜನ. ಮೂಳೆ ಡಾಕ್ಟರು ಮಂಡಿ ಎಷ್ಟು ಮಡಚುತ್ತೆ ಅಂತ ಅಳೆದರು. ‘ನಡೀತೀರಾ?’ ಅಂದರು. ‘ನಡೀತೀನಿ ಸಾರ್’ ಅಂದೆ. ಮುಗಿಯಿತು. ಶೇ 30, ಶಾಶ್ವತ ಅಂತ ಸರ್ಟಿಫಿಕೇಟು ಬಂತು. ನಾನು ಅದನ್ನು ತಗೊಂಡು ಖುಷಿಯಾಗಿ ನಾಡಕಚೇರಿಗೆ ಹೋದೆ. ಅಲ್ಲಿಂದ ಹಿಂಬರಹ ಬಂತು: ಪ್ರಮಾಣ ಶೇ 40ಕ್ಕಿಂತ ಕಡಿಮೆ ಇದೆ, ಅರ್ಜಿ ತಿರಸ್ಕರಿಸಲಾಗಿದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವೂ ಅದರ ಬಾಗಿಲಲ್ಲೇ ನಿಂತಿದ್ದೀರಿ.

ಹಿಂಬರಹದಲ್ಲಿ ‘ತಿರಸ್ಕರಿಸಲಾಗಿದೆ’ ಅನ್ನೋದು ಒಂದೇ ನನ್ನ ಕಣ್ಣಿಗೆ ಬಿದ್ದದ್ದು. ತಿರಸ್ಕರಿಸಿದವರು ತಹಶೀಲ್ದಾರರು, ಹಾಗಾಗಿ ಜಗಳ ಅವರ ಜೊತೆ ಅಂದುಕೊಂಡೆ. ಸರ್ಕಾರಿ ಸೇವೆ ಹೊತ್ತಿಗೆ ಸಿಗಬೇಕು ಅನ್ನೋ ‘ಸಕಾಲ’ ಯೋಜನೆಯಲ್ಲಿ ಮೇಲ್ಮನವಿ ಹಾಕಿದೆ. ಎಸಿ, ಅಂದರೆ ಉಪವಿಭಾಗಾಧಿಕಾರಿ, ಆಫೀಸಿಗೆ ಹೋದೆ. ಪಿಂಚಣಿ ಅದಾಲತ್‌ನಲ್ಲಿ ನಿಂತು ಕೂಗಾಡಿದೆ. ಎಲ್ಲರೂ ಪ್ಯಾಂಟ್ ಮೇಲೆತ್ತಿಸಿ ಕಾಲು ನೋಡಿದರು, ಪಾಪ ಅಂದರು, ಕೊನೆಗೆ ಅದೇ ಸಾಲು ತೋರಿಸಿದರು. ಅವರು ಬೇರೆ ಏನು ಮಾಡಲು ಸಾಧ್ಯವಿತ್ತು? ವೇತನಕ್ಕೆ ಕನಿಷ್ಠ ಶೇ 40 ಬೇಕು. ಕಾಗದದಲ್ಲಿ 30 ಇದೆ. ಆ 30ನ್ನು 40 ಮಾಡುವ ಅಧಿಕಾರ ತಹಶೀಲ್ದಾರರಿಗೂ ಇಲ್ಲ, ಎಸಿಗೂ ಇಲ್ಲ, ಡಿಸಿಗೂ ಇಲ್ಲ. ನಾನು ಕೇಳುತ್ತಿದ್ದದ್ದು ಅವರ ಕೈಯಲ್ಲಿ ಇಲ್ಲದ್ದನ್ನು.

ಯಾಕೆಂದರೆ ತೀರ್ಮಾನ ಒಂದಲ್ಲ, ಎರಡು. ಮೊದಲನೆಯದು ಡಾಕ್ಟರದ್ದು: ಎಷ್ಟು ಪರ್ಸೆಂಟ್. ಎರಡನೆಯದು ಕಂದಾಯ ಇಲಾಖೆಯದ್ದು: ವೇತನ ಕೊಡಬೇಕೋ ಬೇಡವೋ. ಎರಡನೆಯದು ಮೊದಲನೆಯದನ್ನು ನೋಡಿಕೊಂಡು ಬರೆದದ್ದು. ಎರಡಕ್ಕೂ ಅಪೀಲು ಇದೆ, ಆದರೆ ಆಫೀಸು ಬೇರೆ, ಕಾನೂನು ಬೇರೆ, ಗಡುವೂ ಬೇರೆ. ಪರ್ಸೆಂಟೇಜ್ ಸರಿ ಇಲ್ಲ ಅಂದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 59ನೇ ಸೆಕ್ಷನ್ ಪ್ರಕಾರ, ರಾಜ್ಯ ಸರ್ಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಅದಕ್ಕೆ ಕಾಲಮಿತಿ ಇದೆ. ನಾನು ತಾಲ್ಲೂಕು ಆಫೀಸಿನ ಮೆಟ್ಟಿಲು ಹತ್ತುತ್ತಾ ಇದ್ದಾಗ ಆ ಮಿತಿ ಮೀರಿ ಹೋಯಿತು. ಅಷ್ಟು ದಿನದ ವೇತನ ಹೋಯಿತು. ಶೇ 40 ಇದ್ದಿದ್ದರೆ ಸಿಗುತ್ತಿದ್ದ ರಿಯಾಯಿತಿ ಬಸ್ ಪಾಸೂ ಹೋಯಿತು. ಪಾಸಿಲ್ಲದೆ ಫಿಸಿಯೋಥೆರಪಿಗೆ ಹೋಗೋಕೂ ಕೈಯಿಂದ ಚಾರ್ಜು ಕೊಟ್ಟೆ.

ಕಣ್ಣು ತೆರೆಸಿದ್ದು ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತೆ, ಮೇಡಂ. ‘ಬೋರ್ಡಿನವರು ಲೆಕ್ಕ ಹಾಕಿದ ಹಾಳೆ ನೋಡಿದ್ದೀರಾ?’ ಅಂತ ಕೇಳಿದರು. ಅಂಥದ್ದೊಂದು ಹಾಳೆ ಇರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಗೆ ಆರ್‌ಟಿಐ ಹಾಕಿದೆ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನ ಪ್ರತಿ ಇಟ್ಟರೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಹಾಳೆ ಬಂತು. ನೋಡಿದರೆ ಅರ್ಧವೇ ತುಂಬಿತ್ತು.

ಆಗ ನಡೆಯುತ್ತಿದ್ದದ್ದು ಕೇಂದ್ರ ಸರ್ಕಾರದ 2018ರ ಜನವರಿಯ ಮಾರ್ಗಸೂಚಿ. ಅದರಲ್ಲಿ ಕಾಲಿಗೆ ಎರಡು ಲೆಕ್ಕ. ಒಂದು ಚಲನೆಯದು: ಕೀಲು ಎಷ್ಟು ಮಡಚುತ್ತೆ, ಸ್ನಾಯುವಿಗೆ ಎಷ್ಟು ಬಲ ಇದೆ. ಇನ್ನೊಂದು ಸ್ಥಿರತೆಯದು. ಇದರಲ್ಲಿ ಒಂಬತ್ತು ಕೆಲಸ ಮಾಡಿಸಿ ನೋಡಬೇಕು: ಸಮ ನೆಲದಲ್ಲಿ ನಡೆಯೋದು, ಇಳಿಜಾರಲ್ಲಿ ನಡೆಯೋದು, ಮೆಟ್ಟಿಲು ಹತ್ತೋದು, ಎರಡೂ ಕಾಲಲ್ಲಿ ನಿಲ್ಲೋದು, ಪೆಟ್ಟಾದ ಕಾಲೊಂದರಲ್ಲೇ ನಿಲ್ಲೋದು, ಕುಕ್ಕರಗಾಲಲ್ಲಿ ಕೂರೋದು, ಚಕ್ಕಳಮಕ್ಕಳ ಹಾಕೋದು, ಮಂಡಿಯೂರೋದು, ತಿರುಗೋದು. ಒಂದೊಂದಕ್ಕೂ 10, ಒಟ್ಟು 90. ನನ್ನ ಹಾಳೆಯಲ್ಲಿ ಈ ಕಾಲಂ ಖಾಲಿ. ನನ್ನನ್ನು ಕೂರಿಸಿ ನೋಡಿದ್ದರೆ ತಾನೇ ತುಂಬೋದು! ಡಾಕ್ಟರನ್ನು ಬೈಯೋಕೆ ಮನಸ್ಸಿಲ್ಲ, ಅವತ್ತಿನ ಸಾಲು ನೋಡಿದ್ದೆನಲ್ಲ. ಆದರೆ ಖಾಲಿ ಖಾಲಿಯೇ.

ಹಾಳೆಯ ಪ್ರತಿ, ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಹೊಸ ಎಕ್ಸ್‌ರೇ ಇಟ್ಟು ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಮರುಮೌಲ್ಯಮಾಪನ ಕೋರಿ ಬರೆದೆ. ‘ಈಗಾಗಲೇ ಶಾಶ್ವತ ಸರ್ಟಿಫಿಕೇಟ್ ಇದೆ’ ಅಂತ ಮೊದಲು ವಾಪಸ್ ಕಳಿಸಿದರು. ಆಮೇಲೆ ಅದೇ ಅರ್ಜಿಯ ಪ್ರತಿಯನ್ನು ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರ ಕಚೇರಿಗೂ ರಿಜಿಸ್ಟರ್ ಪೋಸ್ಟ್ ಮಾಡಿದೆ. ಅಪೀಲಿನ ಗಡುವು ಮುಗಿದವನಿಗೆ ಉಳಿದದ್ದು ಅದೊಂದೇ. ಬೋರ್ಡ್ ಮತ್ತೆ ಕರೆಯಿತು. ಈ ಸಲ ಒಂಬತ್ತೂ ಮಾಡಿಸಿದರು. ಮೂರರಲ್ಲಿ ಸೋತೆ: ಕುಕ್ಕರಗಾಲು, ಚಕ್ಕಳಮಕ್ಕಳ, ಮಂಡಿಯೂರೋದು. ಸ್ಥಿರತೆಗೆ 30. ಎರಡನ್ನೂ ಸುಮ್ನೆ ಕೂಡಿ 60 ಅಂತ ಕೊಡಲ್ಲ, ಸೂತ್ರ ಇದೆ. 90ರಲ್ಲಿ ಮೊದಲ 30 ಕಳೆದು, ಉಳಿದ 60ನ್ನು ಎರಡನೇ 30ರಿಂದ ಗುಣಿಸಿ 90ರಿಂದ ಭಾಗಿಸಿದರೆ 20. ಮೊದಲಿನ 30ಕ್ಕೆ ಈ 20 ಸೇರಿ ಶೇ 50. ಮಂಡಿ ಅದೇ, ಮನುಷ್ಯ ಅವನೇ.

ವೇತನ 2022ರಲ್ಲಿ ಮಂಜೂರಾಯಿತು, ತಿಂಗಳಿಗೆ 800. ಬಾಕಿ ಬಗ್ಗೆ ಕೇಳಿದ್ದೀರಿ. ನನಗೆ ಮಂಜೂರಾದ ತಿಂಗಳಿಂದ ಬಂತು, ಹಿಂದಿನದು ಒಂದು ಪೈಸೆಯೂ ಇಲ್ಲ. ಆ ಹಳೇ ದುಡ್ಡಿನ ಆಸೆಗೆ ಹಳೇ ಆದೇಶ ಹಿಡಿದುಕೊಂಡು ಓಡಾಡಬೇಡಿ.

ಇನ್ನು ನಿಮ್ಮ ಉಳಿದ ಮಾತಿಗೆ ಬರುತ್ತೇನೆ. ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡ್ ಬಂದಿದೆ, ಕಾರ್ಡ್ ಇದ್ದ ಮೇಲೆ ಕೊಡಲೇಬೇಕಲ್ವಾ ಅಂದಿದ್ದೀರಿ. ಇಲ್ಲ. ಶೇ 40ಕ್ಕಿಂತ ಕಡಿಮೆ ಇದ್ದವರಿಗೂ ಕಾರ್ಡ್ ಕೊಡುತ್ತಾರೆ, ಅದು ಬಿಳಿ. 40ರಿಂದ ಹಳದಿ, 80ರಿಂದ ನೀಲಿ. ನಮ್ಮ ರಾಜ್ಯದ ವೇತನ ಮಾತ್ರ ಶೇ 75 ಆದರೆ 1,400ಕ್ಕೆ ಏರುತ್ತದೆ. ಕಾರ್ಡಿನ ಗೆರೆಗೂ ವೇತನದ ಗೆರೆಗೂ ಯಾಕೆ ಹೊಂದಲ್ಲ ಅಂತ ಯಾರಾದರೂ ತಿಳಿದವರು ಹೇಳಬೇಕು.

ಬೋರ್ಡಿನ ಮುಂದೆ ‘ಅಮ್ಮ ನಡೆಯೋದೇ ಇಲ್ಲ’ ಅಂದುಬಿಡಲಾ ಅಂತ ಕೇಳಿದ್ದು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಮೋಸದಿಂದ ಸೌಲಭ್ಯ ಪಡೆದರೆ ಅದೇ ಕಾಯ್ದೆಯ 91ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಮೊದಲು, ಅದರ ಅಗತ್ಯವೇ ಇಲ್ಲ. ಸೊಂಟ ಮುರಿದವರಿಗೆ ನೆಲಕ್ಕೆ ಕೂತು ಏಳೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಕೇಳದಿದ್ದರೆ ನೀವೇ ಹೇಳಿ: ‘ಇವರು ಕೂರೋಕಾಗಲ್ಲ, ಒಮ್ಮೆ ನೋಡಿ ಸಾರ್.’ ಮುರಿದ ಕಾಲು ಗಿಡ್ಡ ಆಗಿದೆಯಾ ಅಂತಲೂ ಅಳೆಯಲು ಹೇಳಿ. ನಮ್ಮ ಕಾಲದ ಮಾರ್ಗಸೂಚಿಯಲ್ಲಿ ಮೊದಲ ಅರ್ಧ ಇಂಚಿಗೆ ಏನೂ ಇಲ್ಲ, ಆಮೇಲೆ ಪ್ರತಿ ಅರ್ಧ ಇಂಚಿಗೆ ಶೇ 4 ಇತ್ತು. 2024ರ ಮಾರ್ಚ್‌ನಲ್ಲಿ ಹೊಸ ಮಾರ್ಗಸೂಚಿ ಬಂದಿದೆ. ಅಮ್ಮನಿಗೆ ಅದೇ ಲೆಕ್ಕ, ಹಾಗಾಗಿ ಅದನ್ನೇ ಇಳಿಸಿಕೊಂಡು ಓದಿ.

ಅಮ್ಮನಿಗೆ 58 ಅಂದಿದ್ದೀರಿ. 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾ 1,200 ಇದೆ, ಎರಡೂ ಒಟ್ಟಿಗೆ ಸಿಗಲ್ಲ. ಹಾಗಾಗಿ 800ಕ್ಕೋಸ್ಕರ ಮಾತ್ರ ಇಷ್ಟೆಲ್ಲ ಮಾಡುತ್ತಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಮನೆಯಿಂದ 100 ಕಿಲೋಮೀಟರ್‌ವರೆಗಿನ ಬಸ್ ಪಾಸು, ಮುಂದೆ ಯಾವುದಾದರೂ ಯೋಜನೆಗೆ ಅರ್ಜಿ ಹಾಕುವ ಅರ್ಹತೆ, ಎಲ್ಲದಕ್ಕೂ ಬೇಕಾದದ್ದು ಸರಿಯಾದ ಪರ್ಸೆಂಟೇಜು. ಆದಾಯ ಪ್ರಮಾಣಪತ್ರದ ಅವಧಿಯನ್ನೂ ಈಗಲೇ ನೋಡಿಟ್ಟುಕೊಳ್ಳಿ, ಪರ್ಸೆಂಟೇಜ್ ಗೆದ್ದು ಅಲ್ಲಿ ಸೋತವರನ್ನು ನೋಡಿದ್ದೇನೆ.

ನೀವು ಹೇಳಿದ ಆ ಏಜೆಂಟ್ ಕೇಳಿದ 5,000 ಕೊಡಬೇಡಿ. ನಾಳೆಯೇ ಆಸ್ಪತ್ರೆಯ ಮಾಹಿತಿ ಅಧಿಕಾರಿಗೆ ಆರ್‌ಟಿಐ ಹಾಕಿ, ಅಮ್ಮನ ಮೌಲ್ಯಮಾಪನ ಹಾಳೆ ತರಿಸಿ. ಬಂದ ಮೇಲೆ ಹೆಸರು, ನಂಬರು ಮುಚ್ಚಿ ಇಲ್ಲಿ ಹಾಕಿ. ಸ್ಥಿರತೆಯ ಕಾಲಂ ತುಂಬಿದೆಯಾ ಇಲ್ಲವಾ ನೋಡಿ, ಮುಂದಿನ ಅರ್ಜಿ ಬರೆಯಲು ನಾನು ಸಹಾಯ ಮಾಡುತ್ತೇನೆ.