ಪೈಥಾನ್ ಟೂಲ್‌ನಲ್ಲಿ ‘ಕ್ವಿಟ್’ ಜೊತೆಗೆ ‘ಎಕ್ಸಿಟ್’ ಕೂಡ ನಡೆಯುವಂತೆ ಮಾಡುವುದು ಹೇಗೆ?

ಪೈಥಾನಿನ ಸಿಎಂಡಿ ಮಾಡ್ಯೂಲ್ (ಕಮಾಂಡ್ ಟೈಪ್ ಮಾಡಿ ನಡೆಸುವ ಟೂಲ್‌ಗಳಿಗೆ ಇರುವುದು) ಬಳಸಿ ಟೂಲ್ ಬರೆದಿದ್ದೀರಿ. ಹೊರಬರೋಕೆ ‘ಕ್ವಿಟ್’ ಇಟ್ಟಿದ್ದೀರಿ, ಟೀಮಿನವರು ‘ಎಕ್ಸಿಟ್’ ಅಂತಲೇ ಹೊಡೆಯುತ್ತಾರೆ. ಇಡೀ ಫಂಕ್ಷನ್ ಇನ್ನೊಮ್ಮೆ ಕಾಪಿ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ, ಒಂದು ಸಾಲು ಸಾಕು.

ಈ ಮಾಡ್ಯೂಲ್ ನಡೆಯುವುದೇ ಹೆಸರಿನ ಮೇಲೆ. ‘ಕ್ವಿಟ್’ ಅಂದರೆ ಕ್ಲಾಸಿನಲ್ಲಿ ‘ಡೂ_ಕ್ವಿಟ್’ ಇದೆಯಾ ಅಂತ ಹುಡುಕುತ್ತದೆ, ಸಿಕ್ಕರೆ ಓಡಿಸುತ್ತದೆ. ಹಾಗಾಗಿ ಆ ಫಂಕ್ಷನ್ ಮುಗಿದ ಮೇಲೆ, ಕ್ಲಾಸಿನ ಒಳಗೇ, ‘ಡೂ_ಎಕ್ಸಿಟ್ = ಡೂ_ಕ್ವಿಟ್’ ಅಂತ ಬರೆಯಿರಿ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಬ್ರಾಕೆಟ್ ಹಾಕಬಾರದು. ಹಾಕಿದರೆ ಫಂಕ್ಷನ್ ಅಲ್ಲೇ ಓಡೋಕೆ ಹೋಗಿ ಎರರ್ ಬರುತ್ತದೆ.

ನಾನು ದಿನಾ ಡೊಂಬಿವಲಿಯಿಂದ ಲೋಕಲ್ ಹಿಡಿಯುವವನು. ನಾನು ಇಳಿಯುವ ಮುಂಬೈಯ ವಿಕ್ಟೋರಿಯಾ ಟರ್ಮಿನಸ್ (ವಿಟಿ) ಸ್ಟೇಷನ್ನಿನ ಹೆಸರು 1996ರಲ್ಲೇ ಬದಲಾಯಿತು, ನಮ್ಮ ಮನೆಯಲ್ಲಿ ಇನ್ನೂ ವಿಟಿಯೇ. ಯಾವ ಹೆಸರು ಹೇಳಿದರೂ ಇಳಿಯುವುದು ಅಲ್ಲೇ ಅಲ್ವಾ? ಇದೂ ಹಾಗೇ. ‘ಹೆಲ್ಪ್ ಎಕ್ಸಿಟ್’ ಅಂತ ಕೇಳಿದರೂ ‘ಡೂ_ಕ್ವಿಟ್’ ಫಂಕ್ಷನ್ನಿನ ಒಳಗೆ ಶುರುವಿನಲ್ಲಿ (ಡಾಕ್‌ಸ್ಟ್ರಿಂಗ್ ಆಗಿ) ಬರೆದ ವಿವರಣೆಯೇ ಬರುತ್ತದೆ.

ಜಾಸ್ತಿ ಜನ ಮರೆಯುವುದು ಕಂಟ್ರೋಲ್-ಡಿ. ಲಿನಕ್ಸ್, ಮ್ಯಾಕ್‌ನಲ್ಲಿ ಖಾಲಿ ಸಾಲಿನಲ್ಲಿ ಅದನ್ನು ಒತ್ತಿದಾಗ ಮಾಡ್ಯೂಲ್‌ಗೆ ‘ಇಒಎಫ್’ (ಎಂಡ್ ಆಫ್ ಫೈಲ್, ಅಂದರೆ ಇನ್‌ಪುಟ್ ಮುಗಿಯಿತು) ಎಂಬ ಕಮಾಂಡ್ ಬಂದ ಹಾಗೆ. ನೀವು ಏನೂ ಬರೆಯದಿದ್ದರೆ ‘ಗೊತ್ತಿಲ್ಲದ ಕಮಾಂಡ್’ ಅನ್ನುವ ಅರ್ಥದ ಎರರ್ ತೋರಿಸುತ್ತದೆ, ಹೊರಗೆ ಬಿಡುವುದಿಲ್ಲ. ‘ಡೂ_ಇಒಎಫ್ = ಡೂ_ಕ್ವಿಟ್’ ಅಂತ ಇನ್ನೊಂದು ಸಾಲು ಸೇರಿಸಿ. ಇಒಎಫ್ ಮೂರೂ ದೊಡ್ಡಕ್ಷರ.

ಕಮಾಂಡಿನ ಹೆಸರು ಹೊಡೆದ ಮೇಲೆ ಟ್ಯಾಬ್ ಒತ್ತಿದರೆ ಬರುವ ಸಲಹೆಗಳು ಮಾತ್ರ ಹೊಸ ಹೆಸರಿಗೆ ತಾನಾಗಿ ಬರುವುದಿಲ್ಲ. ‘ಕಂಪ್ಲೀಟ್_’ ಅಂತ ಶುರುವಾಗುವ ಫಂಕ್ಷನ್ ಬರೆದಿದ್ದರೆ ಅದಕ್ಕೂ ಹೀಗೇ ಒಂದು ಸಾಲು ಬೇಕು.

ಒಂದಕ್ಷರದ ಹೆಸರು ಇಡುವಾಗ ಹುಷಾರು. ನಾನು ಬಿಲ್ ಮತ್ತೆ ಕಳಿಸುವ ‘ರೀಸೆಂಡ್’ಗೆ ಸುಮ್ನೆ ‘ಆರ್’ ಅಂತ ಇಟ್ಟಿದ್ದೆ. ಪಕ್ಕದ ಸೀಟಿನವರು ಅದನ್ನು ರಿಫ್ರೆಶ್ ಅಂದುಕೊಂಡರು. ಪಾರ್ಟಿಗೆ ಒಂದೇ ಬಿಲ್ ಮೂರು ಸಲ ಹೋಯಿತು. ಮೂರು ಯಾಕೆಂದರೆ, ಸ್ಕ್ರೀನ್ ಬದಲಾಗಲಿಲ್ಲ ಅಂತ ಅವರು ಇನ್ನೆರಡು ಸಲ ಖಾಲಿ ಎಂಟರ್ ಒತ್ತಿದ್ದರು. ಈ ಮಾಡ್ಯೂಲ್‌ನಲ್ಲಿ ಖಾಲಿ ಎಂಟರ್ ಅಂದರೆ ಹಿಂದಿನ ಕಮಾಂಡ್ ಇನ್ನೊಮ್ಮೆ! ‘ಎಂಪ್ಟಿಲೈನ್’ ಎಂಬ ಫಂಕ್ಷನ್ ನೀವೇ ಬರೆದು, ಒಳಗೆ ಬರೀ ‘ಪಾಸ್’ (ಏನೂ ಮಾಡಬೇಡ ಅಂತ) ಇಟ್ಟರೆ ಆ ಕಾಟ ತಪ್ಪುತ್ತದೆ. ಎಕ್ಸಿಟ್ ಸೇರಿಸುವಾಗಲೇ ಇದನ್ನೂ ಸೇರಿಸಿಬಿಡಿ.