ಜೀನ್ ರಿಪೋರ್ಟ್ ಪಾಸಿಟಿವ್ ಅಂದ್ರೆ ಮಗೂಗೆ ಗಡ್ಡೆ ಬಂದೇ ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮೆಜಮಾನ್ರಿಗೆ ಚಿಕ್ಕೋರಿದ್ದಾಗ ಎರಡೂ ಕಣ್ಣಿಗೆ ರೆಟಿನೋಬ್ಲಾಸ್ಟೋಮ ಅನ್ನೋ ಕ್ಯಾನ್ಸರ್ ಆಗಿತ್ತು, ಒಂದು ಕಣ್ಣು ತೆಗೆದ್ರು, ಇನ್ನೊಂದು ಉಳೀತು. ಈಗ 2 ತಿಂಗಳ ಮಗನಿಗೂ ಅದೇ ಆರ್‌ಬಿ1 ಜೀನ್ ದೋಷ ಇದೆ ಅಂತ ರಿಪೋರ್ಟ್ ಬಂದಿದೆ. ತಿಂಗಳಿಗೊಂದ್ಸಲ ಅನಸ್ತೇಶಿಯ ಕೊಟ್ಟು ಕಣ್ಣು ನೋಡ್ಬೇಕು ಅಂತಾರೆ. ಮಗು ನಮ್ಮ ಮುಖ ನೋಡಿ ಚೆನ್ನಾಗೇ ನಗ್ತಾನೆ, ಇದೆಲ್ಲ ಬೇಕಾ? 3 ವರ್ಷದ ಮಗಳು ಆರಾಮಾಗಿದ್ದಾಳೆ, ಅವಳಿಗೂ ಟೆಸ್ಟ್ ಮಾಡಿಸ್ಬೇಕಾ?

ಉತ್ತರ: ಎರಡೂ ಬೇಕಮ್ಮ. ಈ ಜೀನ್ ಒಂದೊಂದು ಜೀವಕೋಶದಲ್ಲೂ ಜೋಡಿಯಾಗಿರತ್ತೆ, ನಿಮ್ಮ ಮಗನಿಗೆ ಒಂದು ಹುಟ್ತಾನೇ ಕೆಟ್ಟಿದೆ, ರೆಟಿನಾದ (ಕಣ್ಣೊಳಗೆ ಹಿಂದೆ ಇರೋ ಪರದೆ) ಯಾವುದೋ ಒಂದು ಕೋಶದಲ್ಲಿ ಇನ್ನೊಂದೂ ಕೆಟ್ರೆ ಗಡ್ಡೆ ಶುರು (ನಡ್ಸನ್ ಅನ್ನೋ ಡಾಕ್ಟರ್ 1971ರಲ್ಲೇ ಬರೀ 48 ಕೇಸ್ ಇಟ್ಕೊಂಡು ಈ ಲೆಕ್ಕ ಹಾಕಿದ್ರು, ಆಗ ಜೀನ್ ಯಾವುದು ಅಂತಾನೇ ಗೊತ್ತಿರ್ಲಿಲ್ಲ!). ಅಂದ್ರೆ ಪಾಸಿಟಿವ್ ಬಂದ ತಕ್ಷಣ ಕ್ಯಾನ್ಸರ್ ಆಗಿದೆ ಅಂತಲ್ಲ, ಆದ್ರೆ ಸುಳ್ಳು ಧೈರ್ಯ ಹೇಳಲ್ಲ, ಈ ದೋಷ ಬಂದಿರೋ ಮಕ್ಕಳಲ್ಲಿ ಸಾಮಾನ್ಯವಾಗಿ ನೂರಕ್ಕೆ 90ಕ್ಕಿಂತ ಜಾಸ್ತಿ ಜನಕ್ಕೆ ಗಡ್ಡೆ ಬರುತ್ತೆ.

ನಗ್ತಾನೆ ಅನ್ನೋದನ್ನ ನಂಬ್ಕೊಂಡು ಕೂರ್ಬೇಡಿ. ಸಣ್ಣ ಗಡ್ಡೆಗೆ ಎಷ್ಟೋ ಸಲ ದೃಷ್ಟಿ ಏನೂ ಕಡಿಮೆ ಆಗಲ್ಲ, ಫೋಟೋದಲ್ಲಿ ಕಣ್ಣು ಬೆಳ್ಳಗೆ ಹೊಳೆಯೋ ಹೊತ್ತಿಗೆ ಅದು ದೊಡ್ಡದಾಗಿರತ್ತೆ. ಚಿಕ್ಕದಿದ್ದಾಗ ಸಿಕ್ರೆ ಎಷ್ಟೋ ಸಲ ಲೇಸರ್‌ನಲ್ಲೋ ಫ್ರೀಜ್ ಮಾಡೋದ್ರಲ್ಲೋ ಮುಗಿಯುತ್ತೆ, ಕಣ್ಣೂ ಉಳಿಯುತ್ತೆ. ಮೊದಲ ವರ್ಷ ಪ್ರತಿ ತಿಂಗಳು, ಆಮೇಲೆ ಗ್ಯಾಪ್ ಜಾಸ್ತಿ ಆಗ್ತಾ ಹೋಗತ್ತೆ, ಸುಮಾರು 7 ವರ್ಷದವರೆಗೂ ನೋಡ್ತಾರೆ. ಇನ್ನೊಂದು, ಇಂಥ ಮಕ್ಕಳಿಗೆ ರೇಡಿಯೇಷನ್ ಆಗಲ್ಲ, ಮುಂದೆ ಬೇರೆ ಕ್ಯಾನ್ಸರ್ ಅಪಾಯ ಹೆಚ್ಚುತ್ತೆ, ಹಾಗಾಗಿ ಯಾರಾದ್ರೂ ಸಿಟಿ ಸ್ಕ್ಯಾನ್ ಬರೆದ್ರೆ ರೇಡಿಯೇಷನ್ ಇಲ್ಲದ ಎಂಆರ್‌ಐ ಆಗಲ್ವಾ ಅಂತ ಕೇಳಿ.

ಮಗಳಿಗೆ ಆ ದೋಷ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ. ಕಣ್ಣು ಈ ವಾರಾನೇ ತೋರಿಸಿ, ರಕ್ತದ ಟೆಸ್ಟೂ ಮಾಡಿಸಿ, ಹೋಗುವಾಗ ಎಜಮಾನ್ರ ಜೀನ್ ರಿಪೋರ್ಟ್ ತಗೊಂಡು ಹೋಗಿ, ಲ್ಯಾಬ್‌ನವರು ಅದೊಂದೇ ದೋಷ ಹುಡುಕಿದ್ರೆ ಸಾಕು. ಇಲ್ಲ ಅಂತ ಬಂದ್ರೆ ಅವಳು ಬೇರೆ ಮಕ್ಕಳ ಥರಾನೇ, ಈ ಅನಸ್ತೇಶಿಯ ಕಾಟ ಯಾವುದೂ ಇಲ್ಲ. ನನ್ನ ಕೇಳಿದ್ರೆ ಈ ಟೆಸ್ಟ್‌ನ ದೊಡ್ಡ ಉಪಕಾರಾನೇ ಇದು, ಆದ್ರೆ ಜನ ಹೆದರ್ಕೊಂಡು ಮುಂದೂಡ್ತಾರೆ.

ಅಂದಹಾಗೆ, ಎಜಮಾನ್ರು ಮೈಮೇಲೆ ಹೊಸ ಗಂಟು, ಬಿಡದೇ ಕಾಡೋ ಮೂಳೆ ನೋವು ಏನಿದ್ರೂ ಸುಮ್ನಿರದೆ ತೋರಿಸ್ಲಿ, ಅವರಿಗೂ ಅದೇ ಜೀನ್ ದೋಷ ಇದೆಯಲ್ಲ, ಬೇರೆ ಕ್ಯಾನ್ಸರ್ ಅಪಾಯ ಅವರಿಗೂ ಇರತ್ತೆ.