ಕಟ್ಟೆ ಮೇಲಿನ ಯುದ್ಧವಿಮಾನ, ಕೈಯಲ್ಲೊಂದು ಟಾರ್ಚ್

ಪ್ರಶ್ನೆ: ಸರ್, ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನ ಗೇಟ್ ಹತ್ತಿರ ಹಳೇ ಯುದ್ಧವಿಮಾನವೊಂದನ್ನು ಕಟ್ಟೆ ಮೇಲೆ ನಿಲ್ಲಿಸಿದ್ದಾರೆ. ಪ್ರಿನ್ಸಿಪಾಲರನ್ನು ಕೇಳಿಕೊಂಡು ಮೊನ್ನೆ ರಾತ್ರಿ ಫೋಟೊ ತೆಗೆದೆ. ಫ್ಲ್ಯಾಶ್ ಹಾಕಿದರೆ ಮೂಗು ಬೆಳ್ಳಗಾಗುತ್ತದೆ, ಬಾಲ ಕಾಣುವುದೇ ಇಲ್ಲ. ಟಾರ್ಚ್ ಬಿಟ್ಟು ತೆಗೆದರೆ ಪ್ಲಾಸ್ಟಿಕ್ ಆಟಿಕೆ ಥರ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರು, ಮಾರತ್‌ಹಳ್ಳಿ

ಉತ್ತರ: ನೀವು ಕ್ಯಾಮೆರಾ ಪಕ್ಕದಲ್ಲೇ ನಿಂತು ಟಾರ್ಚ್ ಬಿಟ್ಟಿದ್ದೀರಿ ಅಂತ ಕಾಣುತ್ತದೆ. ಎಲ್ಲರೂ ಮೊದಮೊದಲು ಮಾಡುವುದೇ ಹಾಗೆ. ಬೆಳಕು ಎದುರಿನಿಂದ ಬಿದ್ದರೆ ನೆರಳೆಲ್ಲ ವಿಮಾನದ ಹಿಂದೆ ಅಡಗಿಬಿಡುತ್ತದೆ. ನೆರಳಿಲ್ಲದಿದ್ದರೆ ಉಬ್ಬು ತಗ್ಗು ಕಾಣುವುದಿಲ್ಲ. ಆಟಿಕೆ ಥರ ಕಾಣುವುದು ಅದಕ್ಕೇ.

ಇದನ್ನು ನನಗೆ ಕಲಿಸಿದವರು ವಿಮಾನಪುರದ ಹಿರಿಯರೊಬ್ಬರು. ಎಚ್‌ಎಎಲ್‌ನಲ್ಲಿ ವಿಮಾನಗಳ ತಪಾಸಣೆ ಕೆಲಸ ಮಾಡಿ ರಿಟೈರ್ ಆದವರು. ನಾನು ಒಂದು ಹಳೇ ಮಾರುತ್ ಯುದ್ಧವಿಮಾನಕ್ಕೆ ಟಾರ್ಚ್ ಬಿಡುತ್ತಾ ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ತಗಡಿಗೆ ಹೆಚ್ಚುಕಡಿಮೆ ತಾಗುವ ಹಾಗೆ ಹಿಡಿದರು. ‘ಹೀಗೆ ಮಲಗಿಸಬೇಕಪ್ಪಾ, ಈಗ ನೋಡು’ ಅಂದರು. ಅಲ್ಲಿಯವರೆಗೆ ನುಣ್ಣಗಿದ್ದ ತಗಡಿನಲ್ಲಿ ರಿವೆಟ್‌ಗಳ ಸಾಲು ಎದ್ದು ಬಂತು. ಒಂದೊಂದು ರಿವೆಟ್‌ಗೂ ಸಾಸಿವೆಯಷ್ಟು ನೆರಳು. ಎರಡು ತಗಡು ಸೇರುವ ಗೆರೆ, ರೂಪಾಯಿ ಬಿಲ್ಲೆಯಷ್ಟಗಲದ ಒಂದು ತಗ್ಗು, ಯಾವಾಗಲೋ ಸ್ಕ್ರೂಡ್ರೈವರ್ ಜಾರಿ ಬಿದ್ದ ಗೀರು, ಎಲ್ಲ ಕಂಡವು. ತಗಡಿನ ತಗ್ಗು ಹುಡುಕಲು ಅವರು ದಿನಾ ಮಾಡುತ್ತಿದ್ದ ಕೆಲಸ ಅದು. ನನ್ನ ಫೋಟೊಗೆ ಬೇಕಿದ್ದ ಬೆಳಕೂ ಅದೇ.

ಹಾಗಾಗಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಬಿಟ್ಟು ನೀವು ವಿಮಾನದ ಬಳಿಗೆ ಹೋಗಿ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 8, ಶಟರ್ 30 ಸೆಕೆಂಡ್. ಇಲ್ಲಿಂದ ಶುರು ಮಾಡಿ, ಆಮೇಲೆ ಜಾಗ ನೋಡಿಕೊಂಡು ಹೆಚ್ಚುಕಡಿಮೆ ಮಾಡಿ. ವಿಮಾನದ ಮೇಲಿನ ಯಾವುದಾದರೂ ಗುರುತಿಗೆ ಟಾರ್ಚ್ ಬಿಟ್ಟು ಫೋಕಸ್ ಮಾಡಿ, ತಕ್ಷಣ ಮ್ಯಾನುಯಲ್‌ಗೆ ಹಾಕಿ. ಮರೆತರೆ ಪ್ರತಿ ಸಲವೂ ಲೆನ್ಸ್ ಕತ್ತಲಲ್ಲಿ ತಡಕಾಡುತ್ತದೆ. ಕಪ್ಪು ಬಟ್ಟೆ ಹಾಕಿಕೊಳ್ಳಿ. ಟಾರ್ಚಿನ ಬಾಯಿ ಕ್ಯಾಮೆರಾ ಕಡೆ ತಿರುಗದಿದ್ದರೆ, ನೀವು ಒಂದೇ ಕಡೆ ನಿಲ್ಲದಿದ್ದರೆ, ಚಿತ್ರದಲ್ಲಿ ನೀವು ಕಾಣುವುದಿಲ್ಲ.

ಇನ್ನು ನಡಿಗೆ. ಶಟರ್ ತೆರೆದಿರುವಷ್ಟು ಹೊತ್ತು ಟಾರ್ಚ್ ಬಿಡುತ್ತಾ ವಿಮಾನದ ಉದ್ದಕ್ಕೂ ನಡೆಯಬೇಕು. ಮಾರುತ್ ಸುಮಾರು 16 ಮೀಟರ್ ಉದ್ದ. ಮೂಗಿನಿಂದ ಬಾಲದವರೆಗೆ 20 ಸೆಕೆಂಡಿನಲ್ಲಿ ನಡೆಯಬಹುದು. ಕೈ ಮಾತ್ರ ನಿಲ್ಲಬಾರದು, ಗೋಡೆಗೆ ಸುಣ್ಣ ಬಳಿದ ಹಾಗೆ ಆಡುತ್ತಿರಬೇಕು. ದೂರದ ಲೆಕ್ಕವೂ ಗೊತ್ತಿರಲಿ. 2 ಮೀಟರ್‌ನಿಂದ ಬಿಟ್ಟ ಬೆಳಕನ್ನೇ 4 ಮೀಟರ್‌ನಿಂದ ಬಿಟ್ಟರೆ ತಗಡಿಗೆ ಸಿಗುವುದು ಕಾಲು ಭಾಗ ಅಷ್ಟೇ. ಕಟ್ಟೆ ಎತ್ತರ ಇದ್ದರೆ ಬಾಲದ ರೆಕ್ಕೆ ಜಾಸ್ತಿ ದೂರ ಆಗುತ್ತದೆ. ಅಲ್ಲಿ ಜಾಸ್ತಿ ಹೊತ್ತು ಕೈಯಾಡಿಸಿ.

ಮಾರುತ್‌ಗೆ ಈ ಅಡ್ಡ ಬೆಳಕು ಹೇಳಿ ಮಾಡಿಸಿದ ಹಾಗಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ನಮ್ಮ ಬೆಂಗಳೂರಿನಲ್ಲೇ ವಿನ್ಯಾಸಗೊಂಡು, 1961ರ ಜೂನ್ 17ರಂದು ಮೊದಲ ಸಲ ಹಾರಿದ ವಿಮಾನ ಅದು. ಶಬ್ದದ ವೇಗದ ಹತ್ತಿರ ಗಾಳಿಯ ಎಳೆತ ಕಡಿಮೆಯಾಗಲಿ ಅಂತ ಅದರ ಮೈಯನ್ನು ರೆಕ್ಕೆ ಸೇರುವ ಕಡೆ ಒಳಕ್ಕೆ ಒತ್ತಿದ್ದಾರೆ, ಸೊಂಟ ಸಣ್ಣಗಾದ ಹಾಗೆ. ಹಗಲಲ್ಲಿ ಈ ಬಳುಕು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ರಾತ್ರಿ ಬಾಲದ ಕಡೆಯಿಂದ ಟಾರ್ಚ್ ಹಾಯಿಸಿ, ಎಷ್ಟು ಚಂದ ಕಾಣುತ್ತದೆ ನೋಡಿ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಒಂದು ಮಾರುತ್ ಇದೆ. ಮೊದಲು ಹಗಲಲ್ಲಿ ಅದರ ಸುತ್ತ ನಿಧಾನಕ್ಕೆ ಒಂದು ಸುತ್ತು ಬನ್ನಿ, ಗೆರೆಗಳ ಪರಿಚಯ ಆಗುತ್ತದೆ.

ನಿಮ್ಮ ಕಾಲೇಜಿನದು ಬಣ್ಣವಿಲ್ಲದ ಬೆಳ್ಳಿ ಮೈಯ ವಿಮಾನವಾದರೆ ಕಷ್ಟ ಬೇರೆ. ಹೊಳೆಯುವ ಲೋಹ ಕನ್ನಡಿ ಇದ್ದ ಹಾಗೆ, ಟಾರ್ಚನ್ನೇ ವಾಪಸ್ ತೋರಿಸುತ್ತದೆ. ಮನೆಯಲ್ಲಿ ಒಂದು ಸ್ಟೀಲ್ ಬಿಂದಿಗೆ ಇಟ್ಟು, ದೀಪ ಆರಿಸಿ ನೋಡಿ. ಟಾರ್ಚ್ ನೇರ ಬಿಟ್ಟರೆ ಒಂದು ಬಿಳಿ ಚುಕ್ಕೆ, ಉಳಿದದ್ದೆಲ್ಲ ಕಪ್ಪು. ಈಗ ಪಕ್ಕದಲ್ಲಿ ಒಂದು ಬಿಳಿ ಪಂಚೆ ಹಿಡಿದು ಅದರ ಮೇಲೆ ಬೆಳಕು ಬಿಡಿ. ಬಿಂದಿಗೆಯ ಹೊಟ್ಟೆ ಮೇಲೆ ಉದ್ದಕ್ಕೆ ಮೆತ್ತನೆಯ ಬೆಳಕಿನ ಪಟ್ಟಿ ಬರುತ್ತದೆ, ಅಲ್ವಾ? ವಿಮಾನಕ್ಕೂ ಇದೇ ಉಪಾಯ. ಇಬ್ಬರು ಗೆಳೆಯರು ಪಂಚೆ ಬಿಡಿಸಿ ಹಿಡಿದು ವಿಮಾನದ ಉದ್ದಕ್ಕೂ ನಡೆಯಲಿ, ನೀವು ಹಿಂದೆಯೇ ಟಾರ್ಚ್ ಹಿಡಿದು ಹೋಗಿ.

ಒಂದೇ ಫ್ರೇಮ್‌ನಲ್ಲಿ ಎಲ್ಲ ಮುಗಿಸುವ ಹಟ ಬೇಡ. ಒಂದರಲ್ಲಿ ಮೂಗು, ಒಂದರಲ್ಲಿ ರೆಕ್ಕೆ, ಒಂದರಲ್ಲಿ ಬಾಲ, ಹೀಗೆ ಎಂಟು ಹತ್ತು ಫ್ರೇಮ್ ತೆಗೆಯಿರಿ. ಟ್ರೈಪಾಡ್ ಮಾತ್ರ ಕೂದಲೆಳೆಯಷ್ಟೂ ಅಲುಗಬಾರದು. ಆಮೇಲೆ ಫೋಟೊಶಾಪ್‌ನಲ್ಲಿ ಒಂದರ ಮೇಲೊಂದು ಇಟ್ಟು ‘ಲೈಟನ್’ ಕೊಡಿ. ಪ್ರತಿ ಚುಕ್ಕೆಯಲ್ಲೂ ಯಾವ ಫ್ರೇಮ್ ಹೆಚ್ಚು ಬೆಳಗಿದೆಯೋ ಅದು ಉಳಿಯುತ್ತದೆ. ಆಕಾಶಕ್ಕೆ ಬೇರೆಯೇ ಒಂದು ಫ್ರೇಮ್ ಬೇಕು. ಬೆಂಗಳೂರಲ್ಲಿ ಮುಸ್ಸಂಜೆ ಬೇಗ ಕಳೆಯುತ್ತದೆ. ಸೂರ್ಯ ಮುಳುಗಿ 20 ನಿಮಿಷಕ್ಕೆ ಒಳ್ಳೇ ನೀಲಿ ಬರುತ್ತದೆ, ಇನ್ನು 20 ನಿಮಿಷ ಕಳೆದರೆ ಹೋಗಿಬಿಡುತ್ತದೆ. ಆಮೇಲೆ ಉಳಿಯುವುದು ಬೀದಿ ದೀಪದಿಂದ ಮಂಕಾದ ಆಕಾಶ. ಬೆಳಕಿದ್ದಾಗಲೇ ಹೋಗಿ ಟ್ರೈಪಾಡ್ ನಿಲ್ಲಿಸಿಕೊಳ್ಳಿ.

ಬೆಳಕಿದ್ದಾಗ ಇನ್ನೊಂದು ಕೆಲಸವೂ ಇದೆ. ಗಾಳಿಯ ವೇಗ ಅಳೆಯುವ ಪಿಟೋ ಕೊಳವೆ ಎಲ್ಲಿ ಚಾಚಿಕೊಂಡಿದೆ, ರೆಕ್ಕೆಯ ಹಿಂಬದಿಯ ಅಂಚು ಎಷ್ಟು ಎತ್ತರದಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಕತ್ತಲಲ್ಲಿ ತಲೆಯೆತ್ತರದ ತಗಡು ಕಾಣುವುದಿಲ್ಲ. ನನ್ನ ಹಣೆ ಮೇಲೆ ಇದರ ಗುರುತು ಇನ್ನೂ ಇದೆ.

ಪ್ರಶ್ನೆ: ರೀಲ್ಸ್‌ನಲ್ಲಿ ಸ್ಟೀಲ್ ವುಲ್ (ಉಕ್ಕಿನ ತೆಳು ಎಳೆಗಳ ಉಂಡೆ) ಉರಿಸಿ ತಿರುಗಿಸಿ ಕಿಡಿ ಹಾರಿಸುತ್ತಾರಲ್ಲ, ಅದನ್ನು ವಿಮಾನದ ಕೆಳಗೆ ಮಾಡಬಹುದಾ? ಬಣ್ಣದ ಬೆಳಕು ಹಾಕಿದರೆ ಹೇಗಿರುತ್ತದೆ?
– ಓದುಗರು, ಬಸವನಗುಡಿ

ಉತ್ತರ: ಕಿಡಿ ಬೇಡವೇ ಬೇಡ. ಹಾರುವುದು ಉರಿಯುವ ಕಬ್ಬಿಣದ ಚೂರು. ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ ಗಾಜಲ್ಲ, ಅಕ್ರಿಲಿಕ್. ಚೂರು ಬಿದ್ದಲ್ಲೆಲ್ಲ ಕರಗಿ ಕಲೆಯಾಗುತ್ತದೆ. ಟೈರ್ ಇದೆ, ಕೆಳಗೆ ಒಣ ಹುಲ್ಲಿರುತ್ತದೆ. ಹಳೇ ವಿಮಾನಗಳ ಚಕ್ರದಂಥ ಭಾಗಗಳಲ್ಲಿ ಮೆಗ್ನೀಸಿಯಂ ಮಿಶ್ರಲೋಹ ಇರುವುದೂ ಉಂಟು. ಅದಕ್ಕೆ ಬೆಂಕಿ ಹತ್ತಿದರೆ ನೀರು ಹಾಕಿ ಆರಿಸಲು ಆಗುವುದಿಲ್ಲ. ಈ ವಿಮಾನ ಮತ್ತೆ ತಯಾರಾಗುವುದಿಲ್ಲ, ದಯವಿಟ್ಟು ನೆನಪಿಡಿ.

ಬಣ್ಣ ಧಾರಾಳವಾಗಿ ಬಳಸಿ, ಆದರೆ ಒಂದು ಕಾರಣ ಇರಲಿ. ನಾಟಕದವರು ಲೈಟಿಗೆ ಕಟ್ಟುವ ಜಿಲಾಟಿನ್ ಹಾಳೆ ಸಾಕು. ಬಾಲದ ಕೊಳವೆಯೊಳಗೆ ಕೆಂಪು ಕಿತ್ತಳೆ ಬೆಳಕು ಇಟ್ಟರೆ ಎಂಜಿನ್ ಉರಿಯುತ್ತಿರುವ ಹಾಗೆ ಅನಿಸುತ್ತದೆ. ಕಾಕ್‌ಪಿಟ್ ತೆರೆಯಲು ಒಪ್ಪಿದರೆ ಸೀಟಿನ ಕೆಳಗೆ ಒಂದು ಸಣ್ಣ ಎಲ್‌ಇಡಿಯನ್ನು ಬಟರ್ ಪೇಪರ್ ಸುತ್ತಿ ಇಡಿ. ಯಾರೋ ಒಳಗೆ ಕೂತ ಹಾಗೆ ಜೀವ ಬರುತ್ತದೆ. ಎಸ್.ಪಿ. ರೋಡ್‌ನಲ್ಲಿ ಇಂಥ ಬಿಡಿ ಎಲ್‌ಇಡಿಗಳು ಸಿಗುತ್ತವೆ. ವಾಯುಪಡೆ 2025ರ ಸೆಪ್ಟೆಂಬರ್ 26ರಂದು ಬೀಳ್ಕೊಟ್ಟ ಮಿಗ್-21ಕ್ಕೆ ನಾನು ಬೇರೆ ಬಣ್ಣವನ್ನೇ ಹಾಕುವುದಿಲ್ಲ. ಗಾಳಿ ಎಳೆದುಕೊಳ್ಳುವ ಅದರ ಮೂಗಿನ ದುಂಡು ಬಾಯಿ, ನಡುವಿನ ಶಂಕು, ಇವೆರಡರ ಮೇಲೆ ಪಕ್ಕದಿಂದ ತಣ್ಣನೆಯ ಬಿಳಿ ಬೆಳಕು ಬಿದ್ದರೆ ಬೇರೇನೂ ಬೇಡ.

ಪ್ರಶ್ನೆ: ಎಚ್‌ಎಎಲ್ ಮ್ಯೂಸಿಯಂನಲ್ಲಿ ರಾತ್ರಿ ಬಿಡುತ್ತಾರಾ? ಮೊಬೈಲ್‌ನಲ್ಲೇ ತೆಗೆಯಬಹುದಾ?
– ಓದುಗರು, ಇಂದಿರಾನಗರ

ಉತ್ತರ: 2001ರಲ್ಲಿ ಶುರುವಾದ ಆ ಹೆರಿಟೇಜ್ ಸೆಂಟರ್ ಸಾರ್ವಜನಿಕರಿಗೆ ತೆರೆದಿರುವುದು ಹಗಲು ಹೊತ್ತು. ಕತ್ತಲಾದ ಮೇಲೆ ತೆಗೆಯಬೇಕೆಂದರೆ ಲಿಖಿತ ಅನುಮತಿ ಕೇಳಬೇಕು. ಒಬ್ಬರೇ ಹೋಗಿ ಕೇಳುವ ಬದಲು ಐದಾರು ಜನ ಸೇರಿ, ಏನು ಮಾಡುತ್ತೀರಿ, ಯಾವ ದೀಪ ತರುತ್ತೀರಿ, ಎಷ್ಟು ಹೊತ್ತು ಇರುತ್ತೀರಿ ಅಂತ ಬರೆದುಕೊಡಿ. ವಾಯುನೆಲೆ, ವಿಮಾನ ನಿಲ್ದಾಣದ ಕಾಂಪೌಂಡ್ ಪಕ್ಕ ಮಾತ್ರ ಟ್ರೈಪಾಡ್ ನಿಲ್ಲಿಸಬೇಡಿ. ಡ್ರೋನ್‌ಗೆ ದೀಪ ಕಟ್ಟಿ ಮೇಲಿಂದ ಬಿಡುವ ಆಸೆಯನ್ನೂ ಅಲ್ಲಿ ಬಿಟ್ಟುಬಿಡಿ, ಅದು ಕೆಂಪು ವಲಯ, ಅಂದರೆ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲದ ಜಾಗ.

ಮೊಬೈಲ್‌ನಲ್ಲಿ ಆಗುತ್ತದೆ. ನೈಟ್ ಮೋಡ್ ಬಿಟ್ಟು ಪ್ರೊ ಮೋಡ್‌ಗೆ ಹೋಗಿ, ಶಟರ್ 10ರಿಂದ 30 ಸೆಕೆಂಡ್ ಇಡಿ. ಮೊಬೈಲ್ ಹಿಡಿಯುವ ಸಣ್ಣ ಟ್ರೈಪಾಡ್, 3 ಸೆಕೆಂಡ್ ಟೈಮರ್ ಇರಲಿ. ಅಭ್ಯಾಸಕ್ಕೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ನಿಂತಿರುವ ನಿಮ್ಮ ಸ್ಕೂಟರೇ ಸಾಕು. ಅದು ಸರಿಯಾಗಿ ಬಂದ ಮೇಲೆ, ಸೆಪ್ಟೆಂಬರ್ ಅಕ್ಟೋಬರ್‌ನ ಸಂಜೆ ಮಳೆ ನಿಂತ ಕೂಡಲೇ ವಿಮಾನದ ಹತ್ತಿರ ಹೋಗಿ. ನೆಲ ಒದ್ದೆ ಇರುವಷ್ಟು ಹೊತ್ತು ಅದರ ಪ್ರತಿಬಿಂಬವೂ ಸಿಗುತ್ತದೆ.